ಹೆಸರು ಅದೇ, ಆಳುಗಳು ಬೇರೆ: ಮ್ಯೂನಿಕ್‌ನಲ್ಲಿ ಎಂಬ್ರಿಯೋ ತಂಡವನ್ನು ಕೇಳಿ ಬಂದ ಮೇಲೆ ಎರಡು ಪ್ರಶ್ನೆ

ಹೇಮಾವತಿ ದಂಡೆ (ಹಾಸನ):

ಬಳಗದ ಎಲ್ಲರಿಗೂ ನಮಸ್ಕಾರ. ಕಳೆದ ಅಕ್ಟೋಬರಿನಲ್ಲಿ ಮಗನ ಮನೆಗೆಂದು ಮ್ಯೂನಿಕ್‌ಗೆ ಹೋಗಿದ್ದೆ. ಹಾಸನಾಂಬೆಯ ಬಾಗಿಲು ತೆರೆಯುವ ಹೊತ್ತಿನಲ್ಲಿ ಊರು ಬಿಟ್ಟಿದ್ದಕ್ಕೆ ಮನೆಯವರು ಇವತ್ತಿಗೂ ಮುಖ ಸಡಿಲಿಸಿಲ್ಲ. ನನಗೆ ಮಾತ್ರ ಆ ಪ್ರಯಾಣದಲ್ಲಿ ಸುಮಾರು ನಲವತ್ತು ವರ್ಷಗಳ ಆಸೆಯೊಂದು ಕೈಗೂಡಿತು. ಎಂಬ್ರಿಯೋ ತಂಡವನ್ನು ವೇದಿಕೆಯಿಂದ ಹತ್ತು ಮಾರು ದೂರದಲ್ಲಿ ನಿಂತು ಕೇಳಿದೆ.

ಈ ತಂಡದ ಹೆಸರು ಇಲ್ಲಿ ಹಲವರಿಗೆ ಹೊಸದಿರಬಹುದಾದ್ದರಿಂದ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಕ್ರಿಶ್ಚಿಯನ್ ಬುರ್ಖಾರ್ಡ್ ಎಂಬ ಡ್ರಮ್ಸ್ ಹಾಗೂ ವೈಬ್ರಫೋನ್ ವಾದಕರು 1969ರಲ್ಲಿ ಮ್ಯೂನಿಕ್‌ನಲ್ಲಿ ಇದನ್ನು ಕಟ್ಟಿದರು. 1970ರಲ್ಲಿ ಮೊದಲ ಧ್ವನಿಮುದ್ರಿಕೆ ಹೊರಬಂತು. ರಾಕ್ ಸಂಗೀತದ ಗಿಟಾರು, ಜಾಝ್‌ನ ಸ್ವಚ್ಛಂದ ಮನೋಧರ್ಮ, ಉತ್ತರ ಆಫ್ರಿಕಾ ಮತ್ತು ಏಷ್ಯಾದ ಲಯಗಳು ಇವೆಲ್ಲ ಒಂದೇ ಪಾತ್ರೆಯಲ್ಲಿ ಬೆಂದ ಸಂಗೀತ ಅವರದು. ನಮಗೆ ಮುಖ್ಯವಾದ ಸಂಗತಿಯೆಂದರೆ, 1978ರಲ್ಲಿ ಈ ತಂಡದವರು ಬಸ್ಸುಗಳಲ್ಲಿ ವಾದ್ಯಗಳನ್ನು ತುಂಬಿಕೊಂಡು ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಭಾರತಕ್ಕೆ ಬಂದರು. ಆ ಒಡನಾಟದಿಂದ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಟಿ. ಎ. ಎಸ್. ಮಣಿ ಮತ್ತು ಗಾಯಕಿ ಆರ್. ಎ. ರಮಾಮಣಿಯವರೊಂದಿಗೆ ಕೂಡಿ ನುಡಿಸಿ ಧ್ವನಿಮುದ್ರಿಕೆಯನ್ನೂ ಮಾಡಿದರು. ನಾನು ಬೆಂಗಳೂರಿನಲ್ಲಿ ಓದುತ್ತಿದ್ದಾಗ ರೂಮಿನ ಗೆಳೆಯನೊಬ್ಬ ಎಲ್ಲಿಂದಲೋ ನಕಲು ಮಾಡಿಸಿ ತಂದ ಕ್ಯಾಸೆಟ್ಟಿನಲ್ಲಿ ಅದನ್ನು ಕೇಳಿದ್ದೆ. ಹೊದಿಕೆಯ ಮೇಲೆ ಪೆನ್ನಿನಲ್ಲಿ ಬರೆದಿದ್ದ ಹೆಸರು ಕೂಡ ತಪ್ಪಾಗಿತ್ತು. ಜರ್ಮನಿಯ ಗಿಟಾರಿನ ಬೆನ್ನಿಗೆ ನಮ್ಮ ಮೃದಂಗದ ಮೊಹರಾ ಬಂದು ಬೀಳುವುದನ್ನು ಕೇಳಿದ ಆ ರಾತ್ರಿ ನಾವಿಬ್ಬರೂ ಕ್ಯಾಸೆಟ್ಟನ್ನು ಪೆನ್ಸಿಲಿನಿಂದ ಹಿಂದಕ್ಕೆ ಸುತ್ತಿ ಸುತ್ತಿ ಮತ್ತೆ ಹಾಕಿದ್ದೆವು, ಏಕೆಂದರೆ ಟೇಪ್‌ರೆಕಾರ್ಡರಿನ ಹಿಂಸುತ್ತು ಗುಂಡಿ ಕೆಟ್ಟಿತ್ತು.

ಬುರ್ಖಾರ್ಡ್ 2018ರಲ್ಲಿ ತೀರಿಕೊಂಡರು. ಗಿಟಾರು ಮತ್ತು ಊದ್ ಎಂಬ ಅರಬ್ ತಂತಿವಾದ್ಯ ನುಡಿಸುತ್ತಿದ್ದ ರೋಮನ್ ಬುಂಕಾ 2022ರಲ್ಲಿ ಹೋದರು. ಈಗ ತಂಡವನ್ನು ನಡೆಸುತ್ತಿರುವವರು ಬುರ್ಖಾರ್ಡ್‌ರ ಮಗಳು ಮಾರ್ಯಾ. ತಂದೆ ಬದುಕಿದ್ದಾಗಲೇ, ಅವರ ಆರೋಗ್ಯ ಕೈಕೊಟ್ಟ ಮೇಲೆ, ಹೊಣೆ ಅವರ ಹೆಗಲಿಗೆ ಬಂದಿತ್ತು. ನಾನು ಕೇಳಿದ್ದು ಈ ತಂಡವನ್ನು.

ಸ್ಥಳ ಹಳೆಯ ಕಾರ್ಖಾನೆಯ ಹಾಗಿದ್ದ ಒಂದು ಸಣ್ಣ ಸಭಾಂಗಣ. ಕುರ್ಚಿಗಳಿರಲಿಲ್ಲ. ಇನ್ನೂರು ಜನ ಇದ್ದಿರಬೇಕು, ಅರ್ಧಕ್ಕರ್ಧ ನನ್ನ ವಯಸ್ಸಿನವರು, ಉಳಿದವರು ಮೊಮ್ಮಕ್ಕಳ ಪ್ರಾಯದವರು. ಮಂಡಿನೋವಿನ ಮನುಷ್ಯ ಎರಡು ಗಂಟೆ ನಿಂತಿದ್ದೇನೆ, ನೋವು ಮಾರನೆಯ ದಿನವೇ ನೆನಪಾದದ್ದು. ನನ್ನ ನೋಟವೆಲ್ಲ ವೈಬ್ರಫೋನಿನ ಮೇಲೆ ನೆಟ್ಟಿತ್ತು. ಅದನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮೇಲೆ ಲೋಹದ ಪಟ್ಟಿಗಳ ಸಾಲು, ಕೆಳಗೆ ಒಂದೊಂದು ಪಟ್ಟಿಗೂ ಒಂದೊಂದು ಕೊಳವೆ. ಕೊಳವೆಯ ಬಾಯಲ್ಲಿ ಸಣ್ಣ ಮೋಟಾರಿನಿಂದ ತಿರುಗುವ ಬಿಲ್ಲೆ ದಾರಿಯನ್ನು ಮುಚ್ಚಿ ತೆರೆಯುವುದರಿಂದಲೇ ನಾದ ಅಲೆಯಲೆಯಾಗಿ ಬರುತ್ತದೆ. ಕಾಲಿನಡಿ ಪೆಡಲು. ಒತ್ತಿದರೆ ನಾದ ಉಳಿಯುತ್ತದೆ, ಬಿಟ್ಟರೆ ಉಣ್ಣೆಯ ಪಟ್ಟಿ ಬಂದು ನುಂಗುತ್ತದೆ, ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದಿಡೀ ಕೃತಿ ಬೇಕಾಯಿತು. ಮಾರ್ಯಾ ಕೈಗೆರಡರಂತೆ ನಾಲ್ಕು ಕೋಲು ಹಿಡಿದು ನುಡಿಸುತ್ತ, ನಡುವೆ ಒಮ್ಮೆಲೇ ಕೀಬೋರ್ಡಿನತ್ತ ತಿರುಗುವಾಗ ಕೋಲುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ನಮ್ಮ ತವಿಲ್‌ನವರು ಕೋಲನ್ನು ಕಂಕುಳಲ್ಲಿಟ್ಟು ಬೆವರು ಒರೆಸಿಕೊಳ್ಳುವ ಅದೇ ಭಂಗಿ.

ಒಂದೇ ಕಿರಿಕಿರಿ ಎಂದರೆ ಪಕ್ಕದಲ್ಲಿ ನಿಂತಿದ್ದ ಬಿಳಿ ಗಡ್ಡದ ಮುದುಕರು. ಕೈಯಲ್ಲಿ ಬಿಯರ್ ಲೋಟ, ಕಣ್ಣು ಮುಚ್ಚಿದ ಹಾಗೆ, ನಡುನಡುವೆ ಕಾರಣವಿಲ್ಲದೆ ‘ಯಾ!’ ಎಂದು ಕೂಗುತ್ತಿದ್ದರು. ಎಲ್ಲ ಊರಿನ ಆರ್ಕೆಸ್ಟ್ರಾಕ್ಕೂ ಇಂಥವರೊಬ್ಬರು ಇರುತ್ತಾರೆ ಎಂದುಕೊಂಡು ಸುಮ್ಮನಾದೆ.

ನನ್ನ ಪ್ರಶ್ನೆಗಳು ಎರಡು. ಮೊದಲನೆಯದು, ಕಟ್ಟಿದವರು ಯಾರೂ ಇಲ್ಲದ ತಂಡವನ್ನು ಅದೇ ತಂಡ ಎಂದು ಕರೆಯಬಹುದೇ? ನಾನು ಬಯಸಿದ್ದ ಎಂಬ್ರಿಯೋವನ್ನೇ ನಾನು ಕೇಳಿದೆನೇ, ಅಥವಾ ಅದರ ಹೆಸರನ್ನು ಕೇಳಿ ಬಂದೆನೇ ಎಂಬುದು ಮರಳಿ ಬಂದ ಮೇಲೂ ಬಗೆಹರಿಯುತ್ತಿಲ್ಲ. ಎರಡನೆಯದು ತಾಳದ ವಿಷಯ, ಬಲ್ಲವರು ಹೇಳಬೇಕು. ಕೊನೆಯ ದೀರ್ಘ ಕೃತಿಯಲ್ಲಿ ವೈಬ್ರಫೋನಿನ ನಡೆ ಏಳಕ್ಷರದ್ದೆಂದು ಬೆರಳೆಣಿಸಿ ಖಚಿತ ಮಾಡಿಕೊಂಡೆ. ಆದರೆ ಡ್ರಮ್ಸಿನ ದಪ್ಪ ಪೆಟ್ಟು ಪ್ರತಿ ಸುತ್ತಿನಲ್ಲಿಯೂ ಬೇರೆ ಬೇರೆ ಜಾಗದಲ್ಲಿ ಬೀಳುತ್ತಿತ್ತು. ಡ್ರಮ್ಸಿನವರು ಹುಡುಗ. ತಪ್ಪಿದರೇ? ತಪ್ಪಿದ್ದರೆ ಉಳಿದವರ ಮುಖದಲ್ಲಿ ಅದು ಕಾಣಬೇಕಿತ್ತು, ಕಾಣಲಿಲ್ಲ.

ಬೇಲೂರು ರಸ್ತೆ (ಹಾಸನ):

ಹಿರಿಯರ ಅನುಭವಕ್ಕೆ ಗೌರವವಿದೆ, ಆದರೆ ಮೊದಲ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಅಲ್ಲ. ಮಾಲೀಕರು ಬದಲಾಗಿ, ಭಟ್ಟರು ಬದಲಾಗಿ, ಬೋರ್ಡು ಮಾತ್ರ ಉಳಿದ ಹೋಟೆಲಿನಲ್ಲಿ ದೋಸೆ ತಿಂದವನ ಸಂಕಟ ನಿಮ್ಮದು. ದೋಸೆ ಚೆನ್ನಾಗಿಯೇ ಇರಬಹುದು, ಆದರೆ ನೀವು ಹುಡುಕಿಕೊಂಡು ಹೋದ ದೋಸೆ ಅದಲ್ಲ.

ಇಂಗ್ಲೆಂಡಿನ ಸಾಫ್ಟ್ ಮಶೀನ್ ತಂಡವನ್ನೇ ನೋಡಿ. 1966ರಲ್ಲಿ ಕ್ಯಾಂಟರ್ಬರಿಯ ಹುಡುಗರು ಕಟ್ಟಿದ್ದು. 1970ರ ‘ಥರ್ಡ್’ ಎಂಬ ಜೋಡಿ ರೆಕಾರ್ಡಿನ ನಾಲ್ಕು ಮುಖಗಳಲ್ಲಿ ಮುಖಕ್ಕೊಂದರಂತೆ ನಾಲ್ಕೇ ಕೃತಿಗಳಿವೆ. ಅದೇ ವರ್ಷ ಆಗಸ್ಟಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಪ್ರಾಮ್ಸ್ ಉತ್ಸವದಲ್ಲಿ, ಅಂದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗರ್ಭಗುಡಿಯಲ್ಲಿ, ಇವರು ನುಡಿಸಿದರು. ಮರುವರ್ಷ ಹಾಡುತ್ತ ಡ್ರಮ್ಸ್ ನುಡಿಸುತ್ತಿದ್ದ ರಾಬರ್ಟ್ ವಾಯಟ್ ಹೊರನಡೆದರು. 1976ರಲ್ಲಿ ಆರ್ಗನ್ ವಾದಕ ಮೈಕ್ ರ‍್ಯಾಟ್‌ಲೆಜ್ ಬಿಡುವುದರೊಂದಿಗೆ ಕಟ್ಟಿದವರ ಸಾಲು ಮುಗಿಯಿತು. ಅದಾಗಿ ಅರ್ಧ ಶತಮಾನವಾಗುತ್ತ ಬಂದರೂ ಆ ಹೆಸರಿನಲ್ಲಿ ಟಿಕೆಟ್ಟು ಮಾರಾಟವಾಗುತ್ತಿದೆ. ಇದಕ್ಕೆ ಏನೆನ್ನಬೇಕು?

ಎರಡನೆಯ ಪ್ರಶ್ನೆ ನನ್ನ ವ್ಯಾಪ್ತಿಯದಲ್ಲ.

ಒಂದೆಕರೆ ರೋಬಸ್ಟಾ (ಮೂಡಿಗೆರೆ):

ಬೇಲೂರು ರಸ್ತೆಯವರೇ, ಹೋಟೆಲಿನ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ನಮ್ಮ ಕಡೆಯವರಿಗೆ ಹೊಂದುವ ಹೋಲಿಕೆ ಯಕ್ಷಗಾನ ಮೇಳದ್ದು. 1990ರಲ್ಲಿ ಭಾಗವತ ಗುಂಡ್ಮಿ ಕಾಳಿಂಗ ನಾವಡರು ಅಪಘಾತದಲ್ಲಿ ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ಮಲೆನಾಡಿನಲ್ಲಿ ಎಷ್ಟೋ ಮನೆಗಳಲ್ಲಿ ಸ್ವಂತದವರು ಹೋದಂತೆ ಅತ್ತರು, ಇನ್ನು ಸಾಲಿಗ್ರಾಮ ಮೇಳದ ಆಟಕ್ಕೆ ಕಾಲಿಡುವುದಿಲ್ಲ ಎಂದು ನನ್ನ ಸೋದರಮಾವ ಶಪಥವನ್ನೇ ಮಾಡಿದರು. ಮಾರನೆಯ ತಿರುಗಾಟಕ್ಕೆ ಟೆಂಟಿನಲ್ಲಿ ಮೊದಲ ಸಾಲಿನಲ್ಲಿ ಕುಳಿತಿದ್ದವರೂ ಅವರೇ. ಭಾಗವತರು ಬದಲಾದರು, ಚೆಂಡೆಯವರು ಬದಲಾದರು, ವೇಷಧಾರಿಗಳು ಮೇಳದಿಂದ ಮೇಳಕ್ಕೆ ಹಾರಿದರು, ಆದರೆ ಮೇಳ ಮೇಳವಾಗಿಯೇ ಉಳಿಯಿತು. ಆಟ ಕೆಟ್ಟ ರಾತ್ರಿಗಳೂ ಇದ್ದವು, ಅದು ಬೇರೆ ಮಾತು.

ನಾನು ಕೇಳಿದ ದೊಡ್ಡ ಸಂಗೀತವೆಂದರೆ 2023ರ ಜನವರಿಯಲ್ಲಿ ಬೆಂಗಳೂರಿಗೆ ಬಂದ ಶಕ್ತಿ ತಂಡದ್ದು, ಅವರ ಐವತ್ತನೆಯ ವರ್ಷದ ತಿರುಗಾಟ. ಕಾಫಿ ಹಣ್ಣು ಕೊಯ್ಲಿನ ಹೊತ್ತು, ಆಳುಗಳಿಗೆ ಬಟವಾಡೆ ಮುಗಿಸಿ ಮಧ್ಯಾಹ್ನ ಹೊರಟೆ. ಕಣದಲ್ಲಿ ಹರಡಿದ್ದ ಹಣ್ಣು ಮಳೆಗೆ ಸಿಕ್ಕೀತೆಂಬ ಅಳುಕು ದಾರಿಯುದ್ದಕ್ಕೂ ಇತ್ತು. ಎಂಬತ್ತೊಂದು ವರ್ಷದ ಜಾನ್ ಮ್ಯಾಕ್‌ಲಾಫ್ಲಿನ್ ಗಿಟಾರು ಹಿಡಿದು ನಿಂತಾಗ ಅಳುಕು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಒಂದು ಸಂಗತಿ ಇಲ್ಲಿಗೆ ಹೊಂದುತ್ತದೆ ಎಂದು ಹೇಳುತ್ತೇನೆ. ಎಪ್ಪತ್ತರ ದಶಕದ ಶಕ್ತಿಯಲ್ಲಿ ಘಟಂ ನುಡಿಸಿದವರು ವಿಕ್ಕು ವಿನಾಯಕರಾಮ್. ಅವತ್ತು ಆ ಜಾಗದಲ್ಲಿ ಕಂಜೀರ ಹಿಡಿದು ಕುಳಿತವರು ಅವರ ಮಗ ಸೆಲ್ವಗಣೇಶ್. ಪಿಟೀಲಿಗೆ ಎಲ್. ಶಂಕರ್ ಇದ್ದಲ್ಲಿ ಗಣೇಶ್ ರಾಜಗೋಪಾಲನ್. ನಡುವೆ ಮ್ಯಾಂಡೊಲಿನ್ ಶ್ರೀನಿವಾಸ್ ಬಂದು 2014ರಲ್ಲಿ ಹೋಗಿಯೂ ಬಿಟ್ಟರು. ಐವರಲ್ಲಿ ಮೊದಲಿನಿಂದ ಇದ್ದವರು ಇಬ್ಬರೇ, ಅವರಲ್ಲಿ ಜಾಕಿರ್ ಹುಸೇನರು 2024ರ ಡಿಸೆಂಬರ್ 15ರಂದು ನಮ್ಮನ್ನು ಬಿಟ್ಟು ಹೋದರು. ಆ ಸುದ್ದಿ ಬಂದ ದಿನವೂ ಕಣದಲ್ಲಿ ಹಣ್ಣು ಹರಡಿತ್ತು. ಬೆಂಗಳೂರಿಗೆ ಅವತ್ತು ಹೋಗದಿದ್ದರೆ ಎಂಬ ಯೋಚನೆಯಲ್ಲಿ ಸ್ವಲ್ಪ ಹೊತ್ತು ರೇಕು ಹಿಡಿದು ಹಾಗೆಯೇ ನಿಂತಿದ್ದೆ.

ಮಗ ತಂದೆಯ ಜಾಗದಲ್ಲಿ ಕುಳಿತರೆ ನಾವು ಅದನ್ನು ಪರಂಪರೆ ಎನ್ನುತ್ತೇವೆ. ಮಾರ್ಯಾ ಬುರ್ಖಾರ್ಡ್ ತಂದೆಯ ವಾದ್ಯದ ಮುಂದೆ ನಿಂತರೆ ಮಾತ್ರ ಬೋರ್ಡು ಎನ್ನುವುದು ಹೇಗೆ?

ಬೇಲೂರು ರಸ್ತೆ (ಹಾಸನ):

ಪರಂಪರೆಗೆ ಪಾಠವಿದೆ, ಗುರುವಿದ್ದಾರೆ, ಇಂತಿಷ್ಟು ಕಲಿಯದೆ ವೇದಿಕೆ ಹತ್ತುವಂತಿಲ್ಲ ಎಂಬ ಕಟ್ಟಿದೆ. ರಾಕ್ ತಂಡವೆಂದರೆ ನಾಲ್ಕು ಜನ ಗೆಳೆಯರು ಒಂದು ಗ್ಯಾರೇಜಿನಲ್ಲಿ ಸೇರಿ, ಒಬ್ಬರ ದೌರ್ಬಲ್ಯವನ್ನು ಮತ್ತೊಬ್ಬರು ಮುಚ್ಚಿ ಮಾಡಿದ ಸದ್ದು. ಅದನ್ನು ಕಲಿಸಲು ಬರುವುದಿಲ್ಲ. ವಾಯಟ್ ಇಲ್ಲದ ಸಾಫ್ಟ್ ಮಶೀನ್ ಬೇರೆಯದೇ ತಂಡವೆಂದು ಅವರ ಅಭಿಮಾನಿಗಳೇ ಇವತ್ತಿಗೂ ಜಗಳವಾಡುತ್ತಾರೆ. ಜೊತೆಗೆ, ಮೇಳದ ಯಜಮಾನರಿಗೆ ಊರೂರಿನ ಹರಕೆ ಆಟಗಳ ಹಂಗಿದೆ. ಈ ತಂಡಗಳಿಗೆ ಹಂಗು ಯಾರದು?

ಮುಳ್ಳಯ್ಯನ ಗಿರಿ (ಚಿಕ್ಕಮಗಳೂರಿನವಳು, ಈಗ ಲೀಡ್ಸ್‌ನಲ್ಲಿ ವಾಸ):

ಸಾಫ್ಟ್ ಮಶೀನ್ ಹೆಸರು ಬಂದದ್ದರಿಂದ ಬರೆಯಲೇಬೇಕಾಯಿತು, ಏಕೆಂದರೆ ನಾನು ಅವರನ್ನು ಕೇಳಿದ್ದೇನೆ. ಬೇಲೂರು ರಸ್ತೆಯವರು ಇಸವಿಗಳನ್ನು ಸರಿಯಾಗಿಯೇ ಕೊಟ್ಟಿದ್ದಾರೆ, ಆದರೆ ಒಂದನ್ನು ಬಿಟ್ಟಿದ್ದಾರೆ. ಈಗಿನ ತಂಡದ ಗಿಟಾರ್ ವಾದಕ ಜಾನ್ ಎಥರಿಡ್ಜ್ ಸೇರಿದ್ದು 1975ರಲ್ಲಿ, ಆಲನ್ ಹೋಲ್ಡ್ಸ್‌ವರ್ತ್ ಬಿಟ್ಟುಹೋದ ಜಾಗಕ್ಕೆ. ಅಂದರೆ ರ‍್ಯಾಟ್‌ಲೆಜ್ ಇನ್ನೂ ತಂಡದಲ್ಲಿದ್ದ ಕಾಲಕ್ಕೆ. 1972ರ ಸುಮಾರಿನಿಂದ ಡ್ರಮ್ಸ್ ನುಡಿಸುತ್ತಿದ್ದ ಜಾನ್ ಮಾರ್ಷಲ್ ತಮ್ಮ ಎಂಬತ್ತರ ವಯಸ್ಸಿನವರೆಗೂ ಈ ಹೆಸರಿನೊಂದಿಗೇ ಇದ್ದು 2023ರಲ್ಲಿ ತೀರಿಕೊಂಡರು. ಹಾಗಾಗಿ ಸರಪಳಿ ಎಲ್ಲಿಯೂ ಪೂರ್ತಿ ತುಂಡಾಗಿಲ್ಲ, ಕೊಂಡಿಗಳು ಒಂದೊಂದಾಗಿ ಬದಲಾಗಿವೆ ಅಷ್ಟೇ. ಕಟ್ಟಿದವರ ಕೈಯಿಂದ ಎಥರಿಡ್ಜ್‌ಗೆ, ಅವರಿಂದ ಈಗಿನ ಡ್ರಮ್ಸ್ ವಾದಕ ಆಸಫ್ ಸಿರ್ಕಿಸ್‌ರಿಗೆ. ಇದು ಪಾಠವಲ್ಲದೆ ಮತ್ತೇನು? ತಾಳೆಗರಿಯಲ್ಲಿ ಬರೆದಿಲ್ಲ, ನಿಜ.

ನಾನು ಹೋದ ಕಾರ್ಯಕ್ರಮದಲ್ಲಿ ನೂರು ಕುರ್ಚಿಯೂ ಇರಲಿಲ್ಲ. ನನ್ನ ಕುರ್ಚಿ ಎಥರಿಡ್ಜ್‌ರ ಪಾದದ ಬಳಿ, ಅವರ ಪೆಡಲುಗಳ ಹಲಗೆಗೆ ಎದುರಾಗಿತ್ತು. 1975ರ ‘ಬಂಡಲ್ಸ್’ ರೆಕಾರ್ಡಿನ ಮೊದಲ ಮುಖದ ಬಹುಭಾಗವನ್ನು ಆಕ್ರಮಿಸಿರುವ ‘ಹಜರ್ಡ್ ಪ್ರೊಫೈಲ್’ ಎಂಬ ಐದು ಭಾಗಗಳ ಕೃತಿಯಿಂದ ಒಂದಂಶವನ್ನು ನುಡಿಸಿದರು. ಮೂಲದಲ್ಲಿ ಅದು ಹೋಲ್ಡ್ಸ್‌ವರ್ತ್‌ರ ಗಿಟಾರಿನಿಂದ ಹೆಸರಾದದ್ದು. ಎಥರಿಡ್ಜ್ ಅದನ್ನು ನಕಲು ಮಾಡಲಿಲ್ಲ. ಅಲ್ಲಿ ಜಾರುಬಂಡೆಯ ಹಾಗೆ ಸ್ವರಗಳು ಒಂದರ ಮೇಲೊಂದು ಜಾರಿದರೆ, ಇಲ್ಲಿ ಪ್ರತಿ ಸ್ವರಕ್ಕೂ ಬೆರಳಿನ ತುದಿ ತಾಗಿದ್ದು ಕೇಳುತ್ತಿತ್ತು. ಗೊತ್ತಿರುವ ಕೀರ್ತನೆಯನ್ನು ಬೇರೆ ಬಾನಿಯವರ ಬಾಯಲ್ಲಿ ಕೇಳಿದ ಅನುಭವ. ಸಂಗತಿಗಳು ಅವರವು, ಕೀರ್ತನೆ ಕೀರ್ತನೆಯೇ.

ಇನ್ನೊಂದು ಮಾತು. ಆ ಕೃತಿಯ ಮುಖ್ಯ ಪಲ್ಲವಿಯನ್ನು ಆಗ ತಂಡದಲ್ಲಿದ್ದ ಕಾರ್ಲ್ ಜೆಂಕಿನ್ಸ್ ತಮ್ಮ ಹಿಂದಿನ ತಂಡವಾದ ನ್ಯೂಕ್ಲಿಯಸ್‌ಗೆ ಬರೆದಿದ್ದ ಕೃತಿಯಿಂದ ತಂದದ್ದು. ಎಂದರೆ ನಾವು ಮೂಲ, ಮೂಲ ಎಂದು ಹಟ ಹಿಡಿಯುವ ತಂಡದ ಹೆಸರಾಂತ ಕೃತಿಯೇ ಬೇರೆ ಮನೆಯಿಂದ ಬಂದ ಸೊಸೆ.

ಮೈಕ್‌ಸೆಟ್ (ಹಾಸನ):

ಹೊಸಬ ನಾನು, ತಪ್ಪಿದ್ದರೆ ಕ್ಷಮಿಸಿ. ಇಪ್ಪತ್ತೆರಡು ವರ್ಷಗಳಿಂದ ಮದುವೆ, ಗಣಪತಿ ಆರ್ಕೆಸ್ಟ್ರಾ, ನಾಟಕಗಳಿಗೆ ಮೈಕ್‌ಸೆಟ್ ಹಾಕುತ್ತಿದ್ದೇನೆ. ಹಿರಿಯರಿಗೆ ವೈಬ್ರಫೋನಿನ ನಡೆ ಬೆರಳೆಣಿಸುವಷ್ಟು ಸ್ಪಷ್ಟವಾಗಿ ಕೇಳಿದ್ದನ್ನು ಓದಿ, ಆ ಸೌಂಡಿನವರಿಗೆ ದೂರದಿಂದಲೇ ಕೈಮುಗಿದೆ. ಅದಕ್ಕೆ ಮೈಕ್ ಇಡಬೇಕಾದದ್ದು ಮೇಲಿನಿಂದ. ಮೇಲಿನಿಂದ ಇಟ್ಟರೆ ಪಕ್ಕದ ಡ್ರಮ್ಸಿನ ಸಿಂಬಲ್ಲು ಅದೇ ಮೈಕಿಗೆ ನುಗ್ಗುತ್ತದೆ. ಮೈಕ್ ಏರಿಸಿದರೆ ಸಿಂಬಲ್ಲೂ ಏರುತ್ತದೆ, ಇನ್ನೂ ಏರಿಸಿದರೆ ಎದುರಿನ ಮಾನಿಟರ್ ಬಾಕ್ಸಿನ ಸದ್ದನ್ನೇ ಹಿಡಿದು ಕುಯ್ಯೆನ್ನುತ್ತದೆ. ನಾನು ಜಲತರಂಗ ಕಛೇರಿಯೊಂದಕ್ಕೆ ಹಾಕಿ ಪಟ್ಟ ಪಾಡು ಇದೇ. ಬಟ್ಟಲಿಗೆ ಮೈಕ್, ಪಕ್ಕದಲ್ಲಿ ತವಿಲ್. ಆ ಸಭಾಂಗಣದ ಗೋಡೆಗೆ ಬರೀ ಗಾರೆ, ಎದುರಿಗೆ ತಗಡಿನ ಬಾಗಿಲು. ಕೊನೆಗೆ ತವಿಲ್‌ನವರ ಮೈಕ್ ಪೂರ್ತಿ ತೆಗೆದು, ಅವರನ್ನು ಆರಡಿ ಹಿಂದೆ ಕೂರಿಸಿದ ಮೇಲೆಯೇ ಬಟ್ಟಲು ಕೇಳಿದ್ದು. ತವಿಲ್‌ನವರು ಆವತ್ತಿನಿಂದ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ.

ಡ್ರಮ್ಸಿನ ಹುಡುಗ ತಪ್ಪಿದರೇ ಎಂದು ಕೇಳಿದ್ದೀರಿ. ಎಂಥ ಹುಡುಗನಾದರೂ ಪ್ರತಿ ಸುತ್ತಿನಲ್ಲಿ ತಪ್ಪಿ ಎರಡು ಗಂಟೆ ವೇದಿಕೆಯ ಮೇಲೆ ಉಳಿಯುವುದಿಲ್ಲ ಸರ್. ನಮ್ಮ ಆರ್ಕೆಸ್ಟ್ರಾದಲ್ಲಿ ರಿದಮ್ ಪ್ಯಾಡಿನವರು ಒಮ್ಮೆ ತಪ್ಪಿದರೆ ಗಾಯಕರು ತಿರುಗಿ ನೋಡುವ ನೋಟವೇ ಸಾಕು.

ಚಾಪು (ಅರಕಲಗೂಡು ತಾಲ್ಲೂಕು):

ಹೇಮಾವತಿ ದಂಡೆಯವರಿಗೆ ನಮಸ್ಕಾರಗಳು. ನಾನು ಹನ್ನೊಂದು ವರ್ಷಗಳಿಂದ ಮೃದಂಗ ಕಲಿಯುತ್ತಿರುವ ವಿದ್ಯಾರ್ಥಿ, ನಮ್ಮ ಊರು ರುದ್ರಪಟ್ಟಣಕ್ಕೆ ಬಹಳ ಹತ್ತಿರ. ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರಂಥವರು ಹುಟ್ಟಿದ ಸೀಮೆಯಲ್ಲಿ ಕುಳಿತು ಜರ್ಮನಿಯ ತಾಳದ ಬಗ್ಗೆ ಮಾತಾಡುವುದು ಸಂಕೋಚವೇ, ಆದರೂ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಹತ್ತಿರವಿದೆ ಎನ್ನಿಸುತ್ತದೆ.

ಏಳಕ್ಷರವೆಂದರೆ ನಮ್ಮ ಮಿಶ್ರ ಚಾಪು: ತಕಿಟ ತಕಧಿಮಿ, ಮೂರು ಮತ್ತು ನಾಲ್ಕು. ಪಶ್ಚಿಮದ ರಾಕ್ ಮತ್ತು ಜಾಝ್‌ನಲ್ಲಿ ಬಹುಪಾಲು ಎಲ್ಲವೂ ನಾಲ್ಕರ ನಡೆ. ಹಾಗಾಗಿ ಅಲ್ಲಿ ಐದು, ಏಳು ಬಂದರೆ ಅದೇ ಒಂದು ಸುದ್ದಿ. 1959ರಲ್ಲಿ ಡೇವ್ ಬ್ರೂಬೆಕ್ ತಂಡದವರು ಐದರ ನಡೆಯಲ್ಲಿ ನುಡಿಸಿದ್ದು ಲೋಕಕ್ಕೆಲ್ಲ ಹಬ್ಬಿತು. ನಮ್ಮಲ್ಲಿ ಖಂಡ ಚಾಪನ್ನು ಮಕ್ಕಳೂ ಹಾಕುತ್ತಾರೆ. ಇದನ್ನು ಜಂಭಕ್ಕೆ ಹೇಳುತ್ತಿಲ್ಲ, ಅವರಿಗೆ ಸ್ವರಗಳ ಮೇಲೆ ಸ್ವರ ಪೇರಿಸುವ ವಿದ್ಯೆ ಇದೆ, ಅದು ನಮಗಿಲ್ಲ. ಮ್ಯಾಕ್‌ಲಾಫ್ಲಿನ್ ಅವರು ಶಕ್ತಿಗಿಂತ ಮುಂಚೆ 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದಾಗಲೇ ಹದಿನೆಂಟರ ನಡೆ, ಹತ್ತರ ನಡೆ ಎಂದು ಲೆಕ್ಕಗಳನ್ನು ಹಿಡಿದಿದ್ದರು. ಡ್ರಮ್ಸಿಗೆ ಬಿಲ್ಲಿ ಕೋಬಮ್ ಇದ್ದರು, ಕೇಳಿ ನೋಡಿ.

ಈಗ ನಿಮ್ಮ ಹುಡುಗನ ವಿಚಾರ. ವೈಬ್ರಫೋನು ಏಳರಲ್ಲಿ ಹೋಗುತ್ತಿದೆ, ಡ್ರಮ್ಸಿನವರು ಅದನ್ನು ಅನುಸರಿಸದೆ ನಾಲ್ಕರಲ್ಲಿಯೇ ಗಟ್ಟಿಯಾಗಿ ನಡೆಯುತ್ತಿದ್ದಾರೆ ಎಂದುಕೊಳ್ಳಿ. ಮೊದಲ ಸುತ್ತಿನಲ್ಲಿ ಅವರ ಪೆಟ್ಟು ಒಂದನೆಯ ಮತ್ತು ಐದನೆಯ ಅಕ್ಷರದ ಮೇಲೆ. ಎರಡನೆಯ ಸುತ್ತಿನಲ್ಲಿ ಎರಡು ಮತ್ತು ಆರರ ಮೇಲೆ. ಮೂರನೆಯದರಲ್ಲಿ ಮೂರು ಮತ್ತು ಏಳು. ನಾಲ್ಕನೆಯದರಲ್ಲಿ ನಾಲ್ಕನೆಯ ಅಕ್ಷರ ಒಂದೇ. ಅಲ್ಲಿಗೆ ಇಪ್ಪತ್ತೆಂಟು ಅಕ್ಷರವಾಯಿತು. ಏಳು ನಾಲ್ಕಲ ಇಪ್ಪತ್ತೆಂಟು, ನಾಲ್ಕು ಏಳಲ ಇಪ್ಪತ್ತೆಂಟು. ಐದನೆಯ ಸುತ್ತಿನ ಎತ್ತುಗಡೆಯಲ್ಲಿ ಇಬ್ಬರೂ ಒಟ್ಟಿಗೆ ಬಂದು ಇಳಿಯುತ್ತಾರೆ. ಹಾಗೆ ಆಗುತ್ತಿತ್ತೇ ಎಂದು ನೆನಪಿಸಿಕೊಂಡು ಹೇಳಬಹುದೇ? ಕೈಯಲ್ಲಿ ನೀವು ಹಾಕಿದ್ದು ಚಾಪು, ಆದ್ದರಿಂದ ಅವರು ತಪ್ಪಿದಂತೆ ಕಂಡಿದೆ. ಅದೇ ಕೈ ಆದಿತಾಳ ಹಾಕಿದ್ದರೆ ವೈಬ್ರಫೋನಿನವರೇ ತಪ್ಪಿದಂತೆ ಕಾಣುತ್ತಿತ್ತು.

ಧ್ವನಿಮುದ್ರಣವೇನಾದರೂ ಇದ್ದರೆ ಎಣಿಸಿ ಹೇಳುತ್ತೇನೆ.

ಬೇಲೂರು ರಸ್ತೆ (ಹಾಸನ):

ಚಾಪು ತಮ್ಮಾ, ಬಹಳ ಚೆನ್ನಾಗಿ ಬಿಡಿಸಿ ಹೇಳಿದೆ. ಮುಳ್ಳಯ್ಯನ ಗಿರಿಯವರ ಸೊಸೆಯ ಮಾತಿಗೆ ನನ್ನಲ್ಲಿ ತಕ್ಷಣದ ಉತ್ತರವಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೂ ಒಂದು ಕೇಳುತ್ತೇನೆ: ಮ್ಯೂನಿಕ್‌ನಲ್ಲಿ ನುಡಿಸಿದ ಇವರೇ ಬೇರೆ ಹೆಸರಿಟ್ಟುಕೊಂಡು ಬಂದಿದ್ದರೆ ಹೇಮಾವತಿ ದಂಡೆಯವರು ಮಂಡಿನೋವಿನಲ್ಲಿ ಹೋಗಿ ನಿಲ್ಲುತ್ತಿದ್ದರೇ?

ಹೇಮಾವತಿ ದಂಡೆ (ಹಾಸನ):

ಇಲ್ಲ, ಹೋಗುತ್ತಿರಲಿಲ್ಲ. ಅದು ನಿಜವಾದ ಮಾತು, ಮುಚ್ಚಿಡುವುದೇಕೆ? ಹೆಸರು ಕರೆಯಿತೆಂದೇ ಹೋದೆ. ಆದರೆ ಹತ್ತು ನಿಮಿಷ ಕಳೆದ ಮೇಲೆ ನಾನು ಅಲ್ಲಿ ನಿಂತದ್ದು ಹೆಸರಿಗಾಗಿ ಅಲ್ಲ. ಕಾರ್ಯಕ್ರಮದ ನಡುವೆ ಒಂದು ಕಡೆ ಎಲ್ಲರೂ ನಿಲ್ಲಿಸಿ ವೈಬ್ರಫೋನು ಒಂದೇ ಉಳಿಯಿತು. ಆಕೆ ಮೋಟಾರನ್ನು ಆರಿಸಿದರು, ನಾದದ ಅಲೆ ನಿಂತು ಬರಿಯ ಲೋಹದ ಸ್ವರ ನೇರವಾಗಿ ಬಂತು. ಆಮೇಲೆ ಕೋಲನ್ನು ಮಗುಚಿ, ಉಣ್ಣೆ ಸುತ್ತಿದ ತಲೆಯ ಬದಲು ಹಿಡಿಯ ತುದಿಯಿಂದ ಪಟ್ಟಿಗಳ ಅಂಚನ್ನು ಮೆಲ್ಲಗೆ ತಟ್ಟಿದರು. ದೇವಸ್ಥಾನದಲ್ಲಿ ದೂರದ ಕೈಗಂಟೆ ಕೇಳಿದ ಹಾಗೆ. ನನ್ನ ಹಳೆಯ ಕ್ಯಾಸೆಟ್ಟಿನಲ್ಲಿ ಹಾಗೆ ಇರಲಿಲ್ಲ. ತಂದೆ ಹೀಗೆ ಮಾಡುತ್ತಿದ್ದರೋ ಇಲ್ಲವೋ ಎಂಬ ಯೋಚನೆ ಆ ಗಳಿಗೆಯಲ್ಲಿ ನನಗೆ ಬರಲೇ ಇಲ್ಲ. ಬೇಲೂರು ರಸ್ತೆಯವರ ಪ್ರಶ್ನೆಗೆ ಇದು ಉತ್ತರವಲ್ಲ, ಗೊತ್ತು. ಆದರೆ ನನ್ನಲ್ಲಿರುವುದು ಇಷ್ಟೇ.

ಚಾಪು ಅವರೇ, ಧ್ವನಿಮುದ್ರಣವೆಂದರೆ ಸೊಸೆ ಫೋನಿನಲ್ಲಿ ಹಿಡಿದ ನಲವತ್ತು ಸೆಕೆಂಡು ಇದೆ, ಆ ಕೊನೆಯ ಕೃತಿಯದೇ. ಅದರಲ್ಲಿ ಅರ್ಧ ನನ್ನ ತಲೆಯ ಹಿಂಭಾಗವೇ ಕಾಣುತ್ತದೆ. ನಿಮಗೆ ಕಳುಹಿಸಿದ್ದೇನೆ.

ಒಂದೆಕರೆ ರೋಬಸ್ಟಾ (ಮೂಡಿಗೆರೆ):

ಚರ್ಚೆ ಎಲ್ಲಿಗೆ ಹೋದರೂ ಸರಿ, ಒಂದು ಆಸೆ ಬರೆಯುತ್ತೇನೆ. ಚಾರ್ಲಿ ಮರಿಯಾನೋ ಎಂಬ ಅಮೆರಿಕದ ಸ್ಯಾಕ್ಸೊಫೋನ್ ವಾದಕರು ಎಂಬ್ರಿಯೋದೊಂದಿಗೂ ನುಡಿಸಿದವರು, ದಕ್ಷಿಣ ಭಾರತದಲ್ಲಿ ನಾಗಸ್ವರ ಕಲಿತವರು, 1983ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರೊಂದಿಗೆ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಮಾಡಿದವರು. ರಮಾಮಣಿಯವರ ಹಾಡಿಕೆ ಅದರಲ್ಲಿದೆ. ಕಾಫಿ ಕೊಯ್ಲು ಮುಗಿದ ಮೇಲೆ ಒಂದು ಭಾನುವಾರ ನಮ್ಮ ಮನೆಯಲ್ಲಿ ಎಲ್ಲರೂ ಕೂತು ಕೇಳೋಣ. ಮೈಕ್‌ಸೆಟ್‌ನವರು ಎರಡು ಬಾಕ್ಸು ತಂದರೆ ಕಡುಬಿನ ಜವಾಬ್ದಾರಿ ನನ್ನದು.

ಮೈಕ್‌ಸೆಟ್ (ಹಾಸನ):

ತರುತ್ತೇನೆ ಅಣ್ಣಾ, ಬಾಡಿಗೆ ಬೇಡ. ಅಂಗಳಕ್ಕೆ ತಗಡಿನ ಬಾಗಿಲು ಇಲ್ಲ ತಾನೇ?

ಮುಳ್ಳಯ್ಯನ ಗಿರಿ (ಲೀಡ್ಸ್):

ಹೊಟ್ಟೆಕಿಚ್ಚಾಗುತ್ತಿದೆ. ಮುಂದೆ ಇಂಥ ಕಛೇರಿಗಳಿಗೆ ಹೋಗುವವರಿಗೆ ಒಂದು ಮಾತು: ಕಿವಿಗೆ ಇಡುವ ಸ್ಪಂಜಿನ ಬಿರಡೆ ಜೇಬಿನಲ್ಲಿರಲಿ. ನಾನು ಒಯ್ಯಲಿಲ್ಲ, ಪೆಡಲಿನ ಎದುರು ಕುಳಿತ ತಪ್ಪಿಗೆ ಎರಡು ದಿನ ಕಿವಿಯಲ್ಲಿ ಜೀರುಂಡೆ ಕೂಗಿತು, ಥೇಟು ಚಾರ್ಮಾಡಿ ಘಾಟಿಯ ಹಾಗೆ.

ಚಾಪು (ಅರಕಲಗೂಡು ತಾಲ್ಲೂಕು):

ಹೇಮಾವತಿ ದಂಡೆಯವರೇ, ವಿಡಿಯೋ ತಲುಪಿತು. ರಾತ್ರಿ ಊಟವಾದ ಮೇಲೆ ನಮ್ಮ ಗುರುಗಳ ಮನೆಗೇ ಒಯ್ದು ಇಬ್ಬರೂ ಕೂತು ಎಣಿಸಿದೆವು. ಅವರು ವೈಬ್ರಫೋನಿಗೆ ಚಾಪು ಹಾಕಿದರು, ನಾನು ಡ್ರಮ್ಸಿಗೆ ಬರಿಯ ನಾಲ್ಕನ್ನು ತಟ್ಟಿದೆ. ಎರಡು ಸಲ ನಾನೇ ಜಾರಿ ಅವರ ಏಳಕ್ಕೆ ಬಿದ್ದೆ, ಗುರುಗಳು ನಕ್ಕು ‘ಕಿವಿ ಮುಚ್ಚಿಕೊಂಡು ತಟ್ಟು’ ಎಂದರು. ಮೂರನೆಯ ಸಲ ಸರಿಯಾಯಿತು. ಇಪ್ಪತ್ತೆಂಟಕ್ಕೆ ಇಬ್ಬರೂ ಕೂಡುತ್ತಾರೆ, ಇಪ್ಪತ್ತೆಂಟರ ಒಂದು ಸುತ್ತಿಗೆ ಸುಮಾರು ಹತ್ತು ಸೆಕೆಂಡು. ಹುಡುಗ ಎಲ್ಲಿಯೂ ತಪ್ಪಿಲ್ಲ.

ಇನ್ನೊಂದು ಸಂಗತಿ ಗುರುಗಳೇ ಗಮನಿಸಿ ಹೇಳಿದರು. ನಿಮ್ಮ ಪಕ್ಕದ ಬಿಳಿ ಗಡ್ಡದವರ ಕೂಗು ಆ ನಲವತ್ತು ಸೆಕೆಂಡಿನಲ್ಲಿ ಮೂರು ಬಾರಿ ಕೇಳುತ್ತದೆ. ಮೂರು ಬಾರಿಯೂ ಅದು ಬಿದ್ದಿರುವುದು ಇಪ್ಪತ್ತೆಂಟು ಮುಗಿದು ಮತ್ತೆ ಒಂದು ಬರುವ ಅಕ್ಷರದ ಮೇಲೆಯೇ, ಕೂದಲೆಳೆಯಷ್ಟೂ ಹಿಂದೆ ಮುಂದೆ ಇಲ್ಲ.

ಹೇಮಾವತಿ ದಂಡೆ (ಹಾಸನ):

ಈಗ ತಾನೇ ಮತ್ತೆ ಹಾಕಿ ನೋಡಿದೆ. ನೀವು ಹೇಳಿದ್ದು ನಿಜ. ಮೂರನೆಯ ಕೂಗಿಗೆ ನನ್ನ ತಲೆ ಅವರ ಕಡೆ ತಿರುಗಿ ಗುರಾಯಿಸುವುದೂ ಅದರಲ್ಲಿ ಕಾಣುತ್ತದೆ.